ದೇವರು ಆರಿಸಿಕೊಂಡವರು: ಸೇಡಂ–ಚಿತ್ತಾಪುರ ಸೀಮೆಯಲ್ಲಿ ಒಂದು ಪರಿಕಲ್ಪನೆಯ ಪರಿಶೀಲನೆ

ಕ್ರೈಸ್ತ ದೈವಶಾಸ್ತ್ರದಲ್ಲಿ ‘ದೇವರ ಆಯ್ಕೆ’ ಎಂಬ ತತ್ವ ಬಹುಕಾಲದ ವಿವಾದಕ್ಕೆ ಕಾರಣವಾಗಿದೆ. ರಕ್ಷಣೆ ಹೊಂದುವವರು ಯಾರು ಎಂಬುದು ಮನುಷ್ಯನ ಪುಣ್ಯಸಂಪಾದನೆಯಿಂದ ತೀರ್ಮಾನವಾಗುವುದಿಲ್ಲ, ದೇವರ ಸಂಕಲ್ಪದಿಂದ ತೀರ್ಮಾನವಾಗುತ್ತದೆ, ಆ ಸಂಕಲ್ಪ ಲೋಕಸೃಷ್ಟಿಗಿಂತ ಹಿಂದಿನದು ಎಂಬುದು ಅದರ ತಿರುಳು. ಕನ್ನಡದಲ್ಲಿ ಈ ತತ್ವದ ಮಾತು ಬಂದಾಗಲೆಲ್ಲ ಅದನ್ನು ಎರಡು ಪರಿಚಿತ ಸಂಗತಿಗಳಿಗೆ ಹೋಲಿಸಿ ಮುಗಿಸಿಬಿಡುವ ವಾಡಿಕೆಯಿದೆ. ಜನಪದ ಅಧ್ಯಯನದ ಕಡೆಯವರು ಅದನ್ನು ಹಣೆಬರಹವೆನ್ನುತ್ತಾರೆ, ದರ್ಶನಶಾಸ್ತ್ರದ ಕಡೆಯವರು ಅದನ್ನು ಮಧ್ವಮತದ ಜೀವತ್ರೈವಿಧ್ಯಕ್ಕೆ ಸಮೀಕರಿಸುತ್ತಾರೆ. ಎರಡೂ ಅವಸರದ ಹೋಲಿಕೆಗಳು. ಇವನ್ನು ಪರೀಕ್ಷಿಸಲು ಕಲಬುರಗಿ ಜಿಲ್ಲೆಯ ಪೂರ್ವಭಾಗಕ್ಕಿಂತ ಒಳ್ಳೆಯ ಪ್ರದೇಶ ಸಿಗುವುದು ಕಷ್ಟ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನೊಳಗೊಂಡ ಈ ಸೀಮೆಯಲ್ಲಿ ಜೈನರ ಭವ್ಯ–ಅಭವ್ಯ ವಿಚಾರ, ದ್ವೈತಿಗಳ ಸ್ವರೂಪಯೋಗ್ಯತೆ, ಮೆಥೊಡಿಸ್ಟರ ಸಾರ್ವತ್ರಿಕ ಕೃಪೆ, ಜೋಗತಿಯರ ಮೇಲೆ ಬರುವ ಎಲ್ಲಮ್ಮನ ‘ಹಿಡಿತ’ ಎಲ್ಲವೂ ಒಂದರ ಪಕ್ಕದಲ್ಲೊಂದು ನೆಲೆಸಿವೆ.

ಮೊದಲು ಕ್ರೈಸ್ತ ತತ್ವದ ಸ್ವರೂಪವನ್ನು ಗಮನಿಸಬೇಕು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಆಯ್ಕೆ ಎಂಬುದು ಮೊದಲಿಗೆ ವ್ಯಕ್ತಿಯ ಮೋಕ್ಷದ ಪ್ರಶ್ನೆಯೇ ಅಲ್ಲ. ದೇವರು ಅಬ್ರಹಾಮನನ್ನು ಕರೆಯುತ್ತಾನೆ, ಇಸ್ರಾಯೇಲೆಂಬ ಚಿಕ್ಕ ಜನಾಂಗವನ್ನು ತನ್ನದಾಗಿ ಮಾಡಿಕೊಳ್ಳುತ್ತಾನೆ. ಆ ಜನಾಂಗ ದೊಡ್ಡದೆಂಬ ಕಾರಣಕ್ಕೆ ಅದನ್ನು ಆರಿಸಲಿಲ್ಲವೆಂದು ಧರ್ಮೋಪದೇಶಕಾಂಡ ಸ್ಪಷ್ಟಪಡಿಸುತ್ತದೆ. ಆರಿಸಿದ್ದರಿಂದಲೇ ಶಿಕ್ಷೆಯೂ ಹೆಚ್ಚು ಎಂದು ಪ್ರವಾದಿ ಆಮೋಸ ಎಚ್ಚರಿಸುತ್ತಾನೆ. ಮೋಶೆ ತನ್ನ ನಾಲಿಗೆ ತೊದಲೆಂದು ಹಿಂಜರಿಯುತ್ತಾನೆ. ಯೋನ ಹಡಗು ಹತ್ತಿ ಓಡಿಹೋಗುತ್ತಾನೆ. ಕರೆಯನ್ನು ನಿರಾಕರಿಸುವ ಈ ಆಶಯವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿ ಏಸಾವ–ಯಾಕೋಬರ, ಕುಂಬಾರ–ಜೇಡಿಮಣ್ಣಿನ ದೃಷ್ಟಾಂತಗಳ ಮೂಲಕ ಆಯ್ಕೆಯ ವಿಚಾರ ಬೇರೆ ತಿರುವು ಪಡೆಯಿತು. 5ನೆಯ ಶತಮಾನದ ಆರಂಭದಲ್ಲಿ ಪೆಲಾಗಿಯಸನ ವಿರುದ್ಧ ವಾದಿಸಿದ ಅಗಸ್ಟೀನನು ಅದನ್ನು ವ್ಯಕ್ತಿಯ ರಕ್ಷಣೆಗೆ ಅನ್ವಯಿಸಿದ. 16ನೆಯ ಶತಮಾನದಲ್ಲಿ ಜಾನ್ ಕಾಲ್ವಿನ್ ಅದರ ತಾರ್ಕಿಕ ಕೊನೆಯನ್ನು ಮುಟ್ಟಿದ: ಕೆಲವರು ರಕ್ಷಣೆಗೆ, ಉಳಿದವರು ನಾಶಕ್ಕೆ ನೇಮಕಗೊಂಡಿದ್ದಾರೆ.

ಕಾಲ್ವಿನ್ನನನ್ನು ಕ್ರೂರ ತರ್ಕದ ಮನುಷ್ಯನೆಂದು ಚಿತ್ರಿಸುವುದು ಸುಲಭ. ಆದರೆ ಅವನ ಪ್ರಧಾನ ಗ್ರಂಥದ 1559ರ ಕೊನೆಯ ಪರಿಷ್ಕರಣದಲ್ಲಿ ಈ ವಿಷಯ ದೇವರ ಗುಣಗಳನ್ನು ವಿವರಿಸುವ ಮೊದಲ ಭಾಗದಲ್ಲಿಲ್ಲ. ಅದು ನಂಬಿಕೆ, ಕೃಪೆ, ಪ್ರಾರ್ಥನೆಗಳ ನಂತರ ಮೂರನೆಯ ಭಾಗದಲ್ಲಿ ಬರುತ್ತದೆ. ಅಂದರೆ ರಕ್ಷಣೆಯ ಅನುಭವ ಪಡೆದವನು ಹಿಂತಿರುಗಿ ನೋಡಿ ‘ಇದು ನನ್ನಿಂದಾದದ್ದಲ್ಲ’ ಎಂದು ಒಪ್ಪಿಕೊಳ್ಳುವ ಮಾತಾಗಿ ಅದು ಅಲ್ಲಿದೆ. ಊರು ಬಿಟ್ಟು ಓಡಿಬಂದ ನಿರಾಶ್ರಿತರೇ ತುಂಬಿದ್ದ ಜಿನೀವಾದಲ್ಲಿ ಈ ಮಾತು ಧೈರ್ಯ ಕೊಟ್ಟಿರಲು ಸಾಕು. ನಾಶಕ್ಕೆ ನೇಮಕವೆಂಬ ನಿರ್ಣಯ ಭಯಂಕರವಾದುದೆಂದು ಕಾಲ್ವಿನ್ ತಾನೇ ಒಪ್ಪಿದ್ದಾನೆ. ಅನುಭವದ ಈ ಮಾತನ್ನು ಸೂತ್ರವಾಗಿ ಬಿಗಿದವರು ಅವನ ಅನುಯಾಯಿಗಳು. ಹಾಲೆಂಡಿನ ಆರ್ಮಿನಿಯಸನ ಪಕ್ಷದವರು 1610ರಲ್ಲಿ ಆಕ್ಷೇಪ ಸಲ್ಲಿಸಿದರು, 1618–19ರ ಡಾರ್ಟ್ ಸಭೆ ಆ ಆಕ್ಷೇಪವನ್ನು ತಿರಸ್ಕರಿಸಿತು. ಮುಂದೆ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಆರ್ಮಿನಿಯಸನ ಪಕ್ಷ ಹಿಡಿದು 1739ರಲ್ಲಿ ಪ್ರಕಟಿಸಿದ ಪ್ರಸಿದ್ಧ ಉಪದೇಶದಲ್ಲಿ ಕೃಪೆ ಎಲ್ಲರಿಗೂ ಮುಕ್ತವೆಂದು ಸಾರಿದ. 1778ರಲ್ಲಿ ತಾನು ಆರಂಭಿಸಿದ ಪತ್ರಿಕೆಗೆ ಆರ್ಮಿನಿಯಸನ ಹೆಸರನ್ನೇ ಇಟ್ಟ. ವೆಸ್ಲಿಯ ಪ್ರಕಾರ ಕೃಪೆ ಮನುಷ್ಯನ ಪ್ರತಿಕ್ರಿಯೆಗಿಂತ ಮುಂದಾಗಿ ಬರುತ್ತದೆ, ಆದರೆ ಅದನ್ನು ಒಲ್ಲೆನೆನ್ನುವ ಸ್ವಾತಂತ್ರ್ಯ ಮನುಷ್ಯನಿಗಿದೆ. ಅಷ್ಟೇ ಅಲ್ಲ, ಒಮ್ಮೆ ಪಡೆದವನು ಅದನ್ನು ಕಳೆದುಕೊಳ್ಳಲೂಬಹುದು.

ಕಲಬುರಗಿ ಸೀಮೆಗೆ ಬಂದ ಪ್ರೊಟೆಸ್ಟಂಟ್ ಕ್ರೈಸ್ತಧರ್ಮ ಪ್ರಧಾನವಾಗಿ ಈ ವೆಸ್ಲಿಯ ಪರಂಪರೆಯದು. ಧಾರವಾಡ, ಹುಬ್ಬಳ್ಳಿ, ಗದಗ–ಬೆಟಗೇರಿ, ಮಂಗಳೂರುಗಳಲ್ಲಿ ಬಾಸೆಲ್ ಮಿಷನ್ ನೆಲೆಯೂರಿದರೆ, ನಿಜಾಮನ ಹೈದರಾಬಾದ್ ಸಂಸ್ಥಾನದ ಕನ್ನಡ ಭಾಗದಲ್ಲಿ 19ನೆಯ ಶತಮಾನದ ಉತ್ತರಾರ್ಧದಿಂದ ಕೆಲಸಮಾಡಿದ್ದು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್. ರೈಲುಮಾರ್ಗ ಈ ಬೆಳವಣಿಗೆಗೆ ದಾರಿ ತೆರೆಯಿತು. ಮುಂಬಯಿ–ಮದರಾಸು ಮಾರ್ಗ ಈ ಸೀಮೆಯನ್ನು ಹಾಯ್ದುಹೋಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಆರಂಭವಾಗಿ ವಾಡಿ ಜಂಕ್ಷನ್ನಾಯಿತು. ಸಂಸ್ಥಾನದಲ್ಲಿ ಮೆಥೊಡಿಸ್ಟ್ ಸಭೆಗಳನ್ನು ಸೇರಿದವರಲ್ಲಿ ಬಹುಪಾಲು ಹೊಲೆಯ, ಮಾದಿಗ ಸಮುದಾಯಗಳ ಜನ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಸಭೆಗಳು ಅದರಲ್ಲಿ ಸೇರಲಿಲ್ಲ, 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯೆಂಬ ಸ್ವಾಯತ್ತ ಸಂಸ್ಥೆಯಾದವು. ಕಥೋಲಿಕರಿಗೆ ಗುಲಬರ್ಗಾ ಧರ್ಮಪ್ರಾಂತ ದೊರೆತದ್ದು 2005ರಲ್ಲಿ.

ಇಲ್ಲೊಂದು ವೈಚಿತ್ರ್ಯವಿದೆ. ಆಯ್ಕೆಯ ಕಠೋರ ರೂಪವನ್ನು ಒಪ್ಪದ ಮೆಥೊಡಿಸ್ಟರು ಓದಿದ ಕನ್ನಡ ಸತ್ಯವೇದದ ಅಡಿಪಾಯ ಹಾಕಿದವರು ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹೋದ್ಯೋಗಿಗಳು. ಆ ಮಿಷನ್ನಿನ ಬೆಂಬಲಿಗರಲ್ಲಿ ಹೆಚ್ಚಿನವರು ಕಾಲ್ವಿನ್ ಪರಂಪರೆಗೆ ಹತ್ತಿರದವರು. ಕನ್ನಡ ಅನುವಾದದಲ್ಲಿ ನೆಲೆನಿಂತ ‘ಆರಿಸಿಕೊಳ್ಳು’, ‘ಆಯ್ದುಕೊಳ್ಳು’ ಎಂಬ ಕ್ರಿಯಾಪದಗಳು ಒಕ್ಕಲುತನದ ಮಾತುಗಳು. ತೊಗರಿಯ ನಾಡಾದ ಈ ಸೀಮೆಯಲ್ಲಿ ಆರಿಸುವುದೆಂದರೆ ಬೇಳೆಯಲ್ಲಿನ ಹರಳು, ಹುಳುಕು ತೆಗೆದು ಹಸನು ಮಾಡುವುದು. ಮೊರದಲ್ಲಿ ಉಳಿದದ್ದಕ್ಕೊಂದು ಅರ್ಥವಿರುವಂತೆ ಹೊರಗೆ ಬಿದ್ದುದಕ್ಕೂ ಒಂದು ಅರ್ಥವಿದೆ. ಆರಿಸುವ ಕ್ರಿಯೆಯೊಳಗೇ ತ್ಯಾಜ್ಯ ಅಡಗಿದೆ. ‘ಕರೆ’ ಎಂಬ ಇನ್ನೊಂದು ಬೈಬಲಿನ ಪದಕ್ಕೆ ಈ ತೊಂದರೆಯಿಲ್ಲ, ಒಬ್ಬನನ್ನು ಕರೆದರೆ ಇನ್ನೊಬ್ಬನನ್ನು ಎಸೆದಂತಾಗುವುದಿಲ್ಲ. ಮೆಥೊಡಿಸ್ಟ್ ಬೋಧನೆ ಒಲವು ತೋರಿದ್ದು ಸಹಜವಾಗಿಯೇ ಈ ಎರಡನೆಯ ಪದದ ಅರ್ಥದ ಕಡೆಗೆ. ಅನುವಾದದ ಪದ ಒಂದು ದೈವಶಾಸ್ತ್ರವನ್ನು ಸೂಚಿಸಿ, ಅದನ್ನು ಓದುವ ಸಭೆ ಇನ್ನೊಂದನ್ನು ನಂಬುವ ಈ ಸ್ಥಿತಿಯನ್ನು ಕನ್ನಡ ಕ್ರೈಸ್ತ ಸಾಹಿತ್ಯದ ಚರಿತ್ರೆಕಾರರು ಇನ್ನಷ್ಟು ಗಮನಿಸಬೇಕು.

ಇನ್ನು ಮಧ್ವಮತದ ಹೋಲಿಕೆಯ ಮಾತು. ಮಧ್ವಾಚಾರ್ಯರ ಪ್ರಕಾರ ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಈ ಭೇದ ಅನಾದಿಯಾದುದು, ಅಳಿಯದುದು. ಈ ಮತದ ಶ್ರೇಷ್ಠ ಟೀಕಾಕಾರರಾದ, 14ನೆಯ ಶತಮಾನದ ಜಯತೀರ್ಥರ ವೃಂದಾವನವೆಂದು ಪೂಜೆಗೊಳ್ಳುವ ಕ್ಷೇತ್ರ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಡದಲ್ಲಿದೆ. (ಮೂಲವೃಂದಾವನದ ಸ್ಥಳದ ಬಗ್ಗೆ ಮಠಗಳ ನಡುವೆ ಭಿನ್ನಾಭಿಪ್ರಾಯವಿದೆ. ಪ್ರಸ್ತುತ ಚರ್ಚೆಗೆ ಅದು ಮುಖ್ಯವಲ್ಲ.) ಗ್ರಿಯರ್ಸನ್ನರು 1915ರಲ್ಲಿ ಪ್ರಕಟವಾದ ತಮ್ಮ ವಿಶ್ವಕೋಶ ಲೇಖನದಲ್ಲಿ ಮಧ್ವಮತದ ಮೇಲೆ ಕ್ರೈಸ್ತ ಪ್ರಭಾವವಿರಬಹುದೆಂಬ ವಾದಕ್ಕೆ ಬಲ ಕೊಟ್ಟರು. ಬಿ.ಎನ್.ಕೆ. ಶರ್ಮಾ ಮೊದಲಾದ ವಿದ್ವಾಂಸರು ಅದನ್ನು ತಿರಸ್ಕರಿಸಿದರು. ಶರ್ಮರ ನಿಲುವೇ ಸರಿ. ಆದರೆ ಅದಕ್ಕೆ ಇನ್ನೂ ಬಲವಾದ ಆಧಾರ ಮಳಖೇಡದಲ್ಲೇ ಇದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ, ಜಿನಸೇನಾಚಾರ್ಯರಿಗೆ ರಾಜಗೌರವ ದೊರೆತ ಸ್ಥಳ. ಅಲ್ಲಿಯ ನೇಮಿನಾಥ ಬಸದಿ ಇಂದಿಗೂ ಉಳಿದಿದೆ. ಜೈನದರ್ಶನದಲ್ಲಿ ಜೀವರು ಭವ್ಯರು, ಅಭವ್ಯರು ಎಂದು ಎರಡು ಬಗೆ. ಅಭವ್ಯ ಜೀವ ಎಷ್ಟೇ ತಪಸ್ಸು ಮಾಡಿದರೂ ಮೋಕ್ಷಕ್ಕೆ ಅರ್ಹವಾಗದು, ಏಕೆಂದರೆ ಅದು ಅದರ ಸ್ವಭಾವ. ಜೀವದ ಸ್ವಭಾವದಲ್ಲೇ ಗತಿಯನ್ನು ಗುರುತಿಸುವ ವಿಚಾರ ಮಧ್ವರಿಗಿಂತ ಎಷ್ಟೋ ಶತಮಾನ ಮೊದಲೇ ಈ ನೆಲದಲ್ಲಿ ಚರ್ಚೆಯಲ್ಲಿತ್ತು. ಜೈನರಿಂದ ದ್ವೈತಿಗಳು ಅದನ್ನು ಪಡೆದರೆಂದು ಇದರಿಂದ ಸಾಧಿಸಿದಂತಾಗುವುದಿಲ್ಲ. ಆದರೆ ವಿವರಣೆಗಾಗಿ ಸಮುದ್ರ ದಾಟಿ ಹೋಗಬೇಕಾದ ಅಗತ್ಯ ಇಲ್ಲವೆಂಬುದಂತೂ ಸ್ಪಷ್ಟ.

ಇದಕ್ಕಿಂತ ಮುಖ್ಯವಾದ ಅಂಶವೊಂದಿದೆ. ಜೈನರಲ್ಲಿ ಆರಿಸುವ ದೇವರೇ ಇಲ್ಲ. ದ್ವೈತದಲ್ಲಿ ದೇವರಿದ್ದಾನೆ, ಆದರೆ ಜೀವನ ಸ್ವರೂಪವನ್ನು ಅವನು ಹೊಸದಾಗಿ ನಿರ್ಮಿಸುವುದಿಲ್ಲ. ಅನಾದಿಯಾಗಿ ಇರುವ ಯೋಗ್ಯತೆಯನ್ನು ಅರಳಿಸುತ್ತಾನೆ, ಅದಕ್ಕೆ ತಕ್ಕ ಗತಿಯನ್ನು ಕೊಡುತ್ತಾನೆ. ಕಾಲ್ವಿನ್ನನ ದೇವರ ಸ್ಥಿತಿ ನೇರವಾಗಿ ವಿರುದ್ಧ. ಅಲ್ಲಿ ಎಲ್ಲ ಮನುಷ್ಯರೂ ಪತಿತರು, ಎಲ್ಲರೂ ಸಮಾನವಾಗಿ ಅಯೋಗ್ಯರು. ಯೋಗ್ಯತೆಯೇ ಇಲ್ಲದ ಕಡೆ ದೇವರು ಆರಿಸುತ್ತಾನೆ. ಒಂದರಲ್ಲಿ ಯೋಗ್ಯತೆಯಿದೆ, ಆಯ್ಕೆಯಿಲ್ಲ. ಇನ್ನೊಂದರಲ್ಲಿ ಆಯ್ಕೆಯಿದೆ, ಯೋಗ್ಯತೆಯಿಲ್ಲ. ಫಲ ಮಾತ್ರ ಒಂದೇ ತೆರನಾಗಿ ತೋರುತ್ತದೆ: ಕೆಲವರು ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ. ಫಲವನ್ನಷ್ಟೇ ನೋಡಿ ತತ್ವಗಳನ್ನು ಒಂದೆನ್ನುವುದು ತೌಲನಿಕ ಅಧ್ಯಯನದ ಬಹು ಹಳೆಯ ದೋಷ. ಭಾರತೀಯ ಆಕರಗಳಲ್ಲಿ ನಿಜವಾದ ಆಯ್ಕೆಯ ಮಾತು ಬೇಕಾದರೆ ಕಠೋಪನಿಷತ್ತನ್ನು ನೋಡಬೇಕು. ಆತ್ಮ ಯಾರನ್ನು ವರಿಸುತ್ತದೆಯೋ ಅವರಿಗಷ್ಟೇ ದೊರೆಯುತ್ತದೆ ಎಂಬ ಆಶಯ ಅಲ್ಲಿದೆ, ರಾಮಾನುಜರು ಅದನ್ನು ಕೃಪಾಪರವಾಗಿ ವ್ಯಾಖ್ಯಾನಿಸಿದ್ದಾರೆ. ಶೈವಾಗಮಗಳ ಶಕ್ತಿಪಾತವೂ ಈ ಜಾತಿಯದೇ.

ಜೀವತ್ರೈವಿಧ್ಯದ ತತ್ವ ಜನರ ಬಾಯಿಗೆ ಬಂದ ಬಗೆ ಬೇರೆ. ಮಾನ್ವಿಯ ಜಗನ್ನಾಥದಾಸರು (1728–1809) ಹರಿಕಥಾಮೃತಸಾರದಲ್ಲಿ ತಾರತಮ್ಯವನ್ನು ಕನ್ನಡ ಷಟ್ಪದಿಗೆ ಇಳಿಸಿದರು. ಅದಕ್ಕೂ ಹೆಚ್ಚಾಗಿ ಹಬ್ಬಿದ್ದು ಜಯತೀರ್ಥರ ಕಥೆ. ಕುದುರೆಯೇರಿ ಬಂದ ಶ್ರೀಮಂತ ಮನೆತನದ ತರುಣನೊಬ್ಬ ಬಿಸಿಲಿನ ಹೊತ್ತಿನಲ್ಲಿ ನದಿಗಿಳಿದು, ಕೈ ಬಳಸದೆ ದನದಂತೆ ಬಾಯಿಹಚ್ಚಿ ನೀರು ಕುಡಿದ. ದಡದಲ್ಲಿದ್ದ ಅಕ್ಷೋಭ್ಯತೀರ್ಥರು ನೀನು ಹಿಂದಿನ ಜನ್ಮದಲ್ಲಿ ಪಶುವಾಗಿದ್ದೆಯೋ ಎಂದು ಕೇಳಿದರು. ಮಧ್ವಾಚಾರ್ಯರ ಗ್ರಂಥಗಳ ಕಟ್ಟುಗಳನ್ನು ಹೊತ್ತು ಅವರ ಪಾಠ ಕೇಳುತ್ತಿದ್ದ ಎತ್ತು ತಾನೆಂಬ ನೆನಪು ಆ ತರುಣನಿಗೆ ಮರಳಿತು. ತಂದೆ ಬಂದು ಬಲವಂತವಾಗಿ ಮನೆಗೊಯ್ದು ಮದುವೆ ಮಾಡಿದರೂ ಆತ ನಿಲ್ಲಲಿಲ್ಲ, ಮರಳಿ ಬಂದು ಸಂನ್ಯಾಸಿಯಾದ.

ಈ ಕಥೆಯನ್ನು ಶಾಸ್ತ್ರಜ್ಞರು ತತ್ವದ ಉದಾಹರಣೆಯಾಗಿ ಓದುತ್ತಾರೆ: ಹೊರಗಿನ ದೇಹ ಎತ್ತಿನದಾದರೂ ಸ್ವರೂಪ ಉತ್ತಮವಾದುದೇ ಆಗಿತ್ತು. ಅದು ಸಮಂಜಸವಾದ ಓದು. ಜೀವತ್ರೈವಿಧ್ಯವನ್ನು ಜಾತಿಯ ಪಟ್ಟಿಯೆಂದು ತಿಳಿಯುವ ಆಧುನಿಕ ಟೀಕಾಕಾರರಿಗೆ ಅದು ಉತ್ತರವೂ ಹೌದು, ಏಕೆಂದರೆ ಹೊರಗಿನ ದೇಹದಿಂದ ಸ್ವರೂಪವನ್ನು ಹೇಳಲಾಗದೆಂದು ಅದು ಸೂಚಿಸುತ್ತದೆ. ಆದರೆ ವೇದಾಧ್ಯಯನದ ಅಧಿಕಾರವನ್ನು ಆ ಪರಂಪರೆ ದ್ವಿಜರಿಗೆ ಮೀಸಲಿಟ್ಟಿತು ಎಂಬುದನ್ನು ಈ ಉತ್ತರ ಮರೆಸಬಾರದು. ಜನಪದರು ಅದೇ ಕಥೆಯಲ್ಲಿ ಕೇಳಿಸಿಕೊಳ್ಳುವುದು ಬೇರೊಂದನ್ನು. ಅವರ ಕಿವಿಗೆ ಬೀಳುವುದು ಎತ್ತು ಹೊತ್ತ ಭಾರ. ಪುಸ್ತಕ ಹೊತ್ತ ಪ್ರಾಣಿಗೆ ಪುಸ್ತಕದ ಅರ್ಥ ಒಲಿಯಿತು, ಶಿಷ್ಯರಿಗೆ ಸಿಗದ್ದು ಎತ್ತಿಗೆ ಸಿಕ್ಕಿತು. ಯೋಗ್ಯತೆಯ ಶಾಸ್ತ್ರವನ್ನು ಹೇಳಲು ಹೊರಟ ಕಥೆ ದುಡಿಮೆಯ ಕಥೆಯಾಗಿ ತಲುಪುತ್ತದೆ.

ಹೊರುವುದು ಎಂಬ ಈ ಸೂತ್ರವೇ ಜನಪದ ಧರ್ಮದಲ್ಲಿ ಆಯ್ಕೆಯ ನಿಜವಾದ ವ್ಯಾಕರಣ. ಹಣೆಬರಹದೊಂದಿಗೆ ಅದನ್ನು ಬೆರೆಸಬಾರದು. ಉತ್ತರ ಕರ್ನಾಟಕದಲ್ಲಿ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಶೆಟಿಗೆವ್ವ ಹಣೆಯ ಮೇಲೆ ಬರೆದುಹೋಗುತ್ತಾಳೆಂಬ ನಂಬಿಕೆಯಿದೆ. ಆ ಬರಹ ಪ್ರತಿಯೊಬ್ಬರಿಗೂ ಉಂಟು, ಯಾರನ್ನೂ ಬಿಡುವುದಿಲ್ಲ. ಆದ್ದರಿಂದ ಅದು ಆಯ್ಕೆಯೇ ಅಲ್ಲ. ಅದು ಆಯುಷ್ಯ, ಅನ್ನ, ಮದುವೆ, ಮಕ್ಕಳ ಲೆಕ್ಕವೇ ಹೊರತು ಮೋಕ್ಷದ ಲೆಕ್ಕವಲ್ಲ. ಅದರ ಮೇಲೆ ದಕ್ಷಿಣದ ಹಲವು ಭಾಷೆಗಳ ಕಥೆಗಳು ಬುದ್ಧಿವಂತಿಕೆಯಿಂದ ಬರಹಕ್ಕೆ ಮಣ್ಣುಮುಕ್ಕಿಸುವುದನ್ನು ಸಂತೋಷದಿಂದ ಹೇಳುತ್ತವೆ. ಬದಲಾಗದ ಬರಹವನ್ನು ನಂಬುವ ಸಮಾಜವೇ ಅದನ್ನು ವಂಚಿಸುವ ಕಥೆಗಳನ್ನೂ ಕಟ್ಟಿಕೊಂಡಿದೆ. ಕಾಲ್ವಿನ್ನನ ನಿರ್ಣಯಕ್ಕೆ ಇಂತಹ ಕಥೆಯ ಜೊತೆಗಾರಿಕೆ ಇಲ್ಲ.

ಜನಪದದಲ್ಲಿ ಆಯ್ಕೆಗೆ ನಿಜವಾಗಿ ಸಮೀಪವಾದದ್ದು ‘ದೇವರು ಹಿಡಿಯುವುದು’. ಎಲ್ಲಮ್ಮ ಹಿಡಿದ ಹೆಣ್ಣಿಗೆ ಮೊದಲು ಕಾಯಿಲೆ, ತಲೆಯಲ್ಲಿ ಜಡೆ, ಮನೆಯಲ್ಲಿ ಕೇಡು. ಆಕೆ ಒಲ್ಲೆನೆನ್ನುತ್ತಾಳೆ. ಒಲ್ಲೆನೆಂದಷ್ಟೂ ಕಾಟ ಹೆಚ್ಚುತ್ತದೆ. ಕೊನೆಗೆ ಮುತ್ತು ಕಟ್ಟಿಸಿಕೊಂಡು ದೇವಿಯ ಜಗ ಹೊರುತ್ತಾಳೆ. ಮೊಹರಮ್ಮಿನಲ್ಲಿ ಅಲಾಯಿ ದೇವರನ್ನು ಹಿಡಿಯುವವರ ಮನೆತನಗಳಲ್ಲಿಯೂ ಇಂಥದೇ ಕಥೆ ಕೇಳಿಬರುತ್ತದೆ. ಹಿಂದೂ ಮನೆಯವರು ಪೀರನನ್ನು ಹೊರುವುದು ಈ ಜಿಲ್ಲೆಯಲ್ಲಿ ಅಚ್ಚರಿಯ ಮಾತಲ್ಲ. ಇಲ್ಲಿ ಆರಿಸಲ್ಪಟ್ಟವರಿಗೆ ಪರಲೋಕದ ಖಾತರಿ ಯಾರೂ ಕೊಡುವುದಿಲ್ಲ, ಹೊರೆ ಮಾತ್ರ ಕೊಡುತ್ತಾರೆ. ಮೋಶೆ, ಯೋನರ ನಿರಾಕರಣೆಗೆ ಈ ನಿರೂಪಣೆಗಳು ಕಾಲ್ವಿನ್ನನ ಸೂತ್ರಕ್ಕಿಂತ ಹೆಚ್ಚು ಹತ್ತಿರದಲ್ಲಿವೆ.

ಹೀಗೆಂದು ಇದನ್ನು ವೈಭವೀಕರಿಸುವುದು ಅಪಾಯಕರ. ದೇವಿಯ ಆಯ್ಕೆಯೆಂಬ ಮಾತಿನ ಹಿಂದೆ ಬಡತನವೂ ಜಾತಿಯೂ ಆರಿಸಿದ ಸಂಗತಿ ಅಡಗಿರುತ್ತದೆ. ಎಲ್ಲಮ್ಮನಿಗೆ ಬಿಡಲ್ಪಟ್ಟ ಹೆಣ್ಣುಮಕ್ಕಳಲ್ಲಿ ದಲಿತ ಕುಟುಂಬಗಳವರೇ ಬಹುಪಾಲು. ಅದಕ್ಕಾಗಿಯೇ ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನ ತರಬೇಕಾಯಿತು. ದೇವಿ ಮೇಲ್ಜಾತಿಯ ಮನೆಗಳ ಬಾಗಿಲು ತಟ್ಟುವುದು ಏಕೆ ಅಪರೂಪ ಎಂಬ ಪ್ರಶ್ನೆಯನ್ನು ಕೇಳದ ಜೋಗತಿ ಅಧ್ಯಯನ ಅಪೂರ್ಣ. ದೈವಶಾಸ್ತ್ರಜ್ಞರು ‘ದೇವರು ಯಾರನ್ನು ಆರಿಸುತ್ತಾನೆ’ ಎಂದು ಕೇಳುತ್ತಾರೆ. ಜಾನಪದ ತಜ್ಞರು ‘ದೇವರು ಆರಿಸಿದನೆಂದು ಹೇಳುವವರು ಯಾರು, ಹೊರುವವರು ಯಾರು’ ಎಂದೂ ಕೇಳಬೇಕು.

ಈ ಹಿನ್ನೆಲೆಯಲ್ಲಿ ದಲಿತ ಕುಟುಂಬಗಳು ಮೆಥೊಡಿಸ್ಟ್ ಸಭೆ ಸೇರಿದ ಘಟನೆಯನ್ನು ನೋಡಿದರೆ ಆಯ್ಕೆಯ ಪರಿಕಲ್ಪನೆಯ ಭಾರ ಅರ್ಥವಾಗುತ್ತದೆ. ಊರಿನ ವ್ಯವಸ್ಥೆ ಹುಟ್ಟಿನಿಂದಲೇ ಹೊರಗಿಟ್ಟ ಜನರಿಗೆ, ಕೃಪೆಗೆ ಯಾರೂ ಹೊರಗಲ್ಲವೆಂಬ ಮಾತು ತಲುಪಿತು. ಆಯ್ಕೆಯ ತತ್ವದಲ್ಲಿ ಎರಡು ಬೀಜಗಳಿವೆ: ಯೋಗ್ಯತೆಯನ್ನು ಕೇಳದ ಕೃಪೆ ಒಂದು, ಕೆಲವರಿಗಷ್ಟೇ ಎಂಬ ಮಿತಿ ಇನ್ನೊಂದು. ಮೊದಲನೆಯದನ್ನು ಕಾಲ್ವಿನ್ ಮತ್ತು ವೆಸ್ಲಿ ಇಬ್ಬರೂ ಒಪ್ಪುತ್ತಾರೆ. ಎರಡನೆಯದನ್ನು ವೆಸ್ಲಿ ಕೈಬಿಟ್ಟ. 1942ರಲ್ಲಿ ಕಾರ್ಲ್ ಬಾರ್ತ್ ಕಾಲ್ವಿನ್ನನ ಪರಂಪರೆಯೊಳಗೇ ನಿಂತು, ಆರಿಸಲ್ಪಟ್ಟವನು ಮೊದಲಿಗೆ ಕ್ರಿಸ್ತನೊಬ್ಬನೇ, ಉಳಿದವರು ಅವನಲ್ಲಿ ಆರಿಸಲ್ಪಟ್ಟವರು ಎಂದು ಹೇಳಿ ಆ ಮಿತಿಯನ್ನು ಸಡಿಲಿಸಿದ. ಹೈದರಾಬಾದ್ ಸಂಸ್ಥಾನದ ಕೇರಿಗಳಿಗೆ ಬಂದದ್ದು ಮಿತಿಯಿಲ್ಲದ ರೂಪವೆಂಬುದು ಚರಿತ್ರೆಯ ಆಕಸ್ಮಿಕ. ಆದರೆ ಅದರ ಪರಿಣಾಮ ಆಕಸ್ಮಿಕವಲ್ಲ. ಯೋಗ್ಯತೆಯ ಲೆಕ್ಕದಿಂದ ಬೇಸತ್ತವರಿಗೆ ಬೇಕಾದದ್ದು ಲೆಕ್ಕವಿಲ್ಲದ ಕರೆಯೇ.

ಆಧುನಿಕ ಪ್ರಭುತ್ವದ ಪಟ್ಟಿಗಳು ಈ ಕಥೆಗೆ ಇನ್ನೊಂದು ಗಂಟು ಹಾಕಿದವು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗಷ್ಟೇ ಆ ಸ್ಥಾನಮಾನವನ್ನು ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದನ್ನು ವಿಸ್ತರಿಸಲಾಯಿತು. ಕ್ರೈಸ್ತ ದಲಿತರು ಹೊರಗುಳಿದರು. ಪರಿಣಾಮವಾಗಿ ಕಾಗದದಲ್ಲೊಂದು, ಪ್ರಾರ್ಥನಾ ಮಂದಿರದಲ್ಲೊಂದು ಗುರುತನ್ನು ಇಟ್ಟುಕೊಂಡು ಬದುಕುವ ಕುಟುಂಬಗಳು ದೇಶದ ಹಲವೆಡೆಗಳಲ್ಲಿವೆ. ಜಾನಪದ ಸಂಗ್ರಹಕಾರರ ಕಣ್ಣಿಗೆ ಈ ಜನ ಬೀಳದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಸಂಗ್ರಹಕಾರರದೇ: ‘ಜನಪದ’ವೆಂದರೆ ಮಿಷನ್ ಮುಟ್ಟದ ಜನವೆಂಬ ಪೂರ್ವಗ್ರಹ. ಚರ್ಚಿನ ಹಾಡನ್ನು ಆಮದಾದದ್ದೆಂದು ಬದಿಗಿಟ್ಟು, ಅದೇ ಹಾಡುಗಾರ್ತಿಯ ಬೀಸುವ ಕಲ್ಲಿನ ಪದವನ್ನು ಮಾತ್ರ ಬರೆದುಕೊಳ್ಳುವ ಕ್ರಮ ಶಾಸ್ತ್ರೀಯವಲ್ಲ.

ಚಿಂಚೋಳಿ ಮತ್ತು ಸೇಡಂ ತಾಲ್ಲೂಕುಗಳ ಪೂರ್ವದ ಗಡಿಯಾಚೆ, ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಧಾರೂರಿನಲ್ಲಿ 1923ರಿಂದ ನಡೆದುಬಂದ ಮೆಥೊಡಿಸ್ಟ್ ಜಾತ್ರೆ ಈ ಪೂರ್ವಗ್ರಹಕ್ಕೆ ಸಾಕಷ್ಟು ಉತ್ತರ ಕೊಡುತ್ತದೆ. ನವೆಂಬರಿನಲ್ಲಿ ಕೂಡುವ ಆ ಜಾತ್ರೆಗೆ ಗಡಿಯ ಎರಡೂ ಬದಿಯಿಂದ ಜನ ಬರುತ್ತಾರೆ. ವೆಸ್ಲಿಯ ಅನುಯಾಯಿಗಳ ಬಯಲು ಕೂಟಗಳೂ ದಖನಿನ ಜಾತ್ರೆಯೂ ಅಲ್ಲಿ ಒಂದಾಗಿವೆ. ಇಂತಹ ಕೂಟಗಳಲ್ಲಿಯೂ ಭಾನುವಾರದ ಸಭೆಗಳಲ್ಲಿಯೂ ‘ಸಾಕ್ಷಿ ಹೇಳುವುದು’ ಎಂಬ ಒಂದು ನಿರೂಪಣಾ ಪ್ರಕಾರವಿದೆ. ಅದನ್ನು ಜೋಗತಿಯ ಆತ್ಮಕಥನದ ಪಕ್ಕದಲ್ಲಿಟ್ಟು ಓದಿದರೆ ಸಾಮ್ಯ ಎದ್ದುಕಾಣುತ್ತದೆ: ಕಾಯಿಲೆ ಅಥವಾ ಕೇಡು, ಕರೆ, ಒಲ್ಲೆನೆಂಬ ಹಟ, ಸೋಲು, ಆಮೇಲೆ ಹೊಸ ಹೊಣೆ. ಕ್ರಮ ಒಂದೇ, ಪಾತ್ರಗಳೂ ಬಹುಮಟ್ಟಿಗೆ ಒಂದೇ ಕೇರಿಯವು.

ವ್ಯತ್ಯಾಸವಿರುವುದು ಕಥೆಯ ಕೊನೆಯಲ್ಲಿ. ಕಟ್ಟಿದ ಮುತ್ತನ್ನು ಬಿಚ್ಚಲು ಎಲ್ಲಮ್ಮ ಒಪ್ಪುವುದಿಲ್ಲವೆಂದು ಜೋಗತಿ ಹೇಳುತ್ತಾಳೆ. ಸಾಕ್ಷಿ ಹೇಳುವವರು, ವೆಸ್ಲಿಯ ಬೋಧನೆಗೆ ಅನುಗುಣವಾಗಿ, ತಾವು ಜಾರಿಬೀಳಬಹುದೆಂದೂ ಬಿಟ್ಟುಹೋಗಬಹುದೆಂದೂ ಒಪ್ಪಿಕೊಂಡೇ ಉಳಿದಿರುತ್ತಾರೆ. ವಾಡಿ, ಶಹಾಬಾದಗಳ ಕಾರ್ಮಿಕ ವಸತಿಗಳಲ್ಲಿ, ಸೇಡಂ–ಚಿಂಚೋಳಿಯ ಹಳ್ಳಿಗಳಲ್ಲಿ ಈ ಎರಡು ಬಗೆಯ ನಿರೂಪಣೆಗಳನ್ನು ಒಂದೇ ಕುಟುಂಬದ ಎರಡು ತಲೆಮಾರುಗಳಿಂದ ಸಂಗ್ರಹಿಸುವ ಕೆಲಸ ಜಿಲ್ಲೆಯ ಜಾನಪದ ಅಧ್ಯಯನದ ಮುಂದಿದೆ. ಅಜ್ಜಿ ಜಗ ಹೊತ್ತವಳಾಗಿ ಮೊಮ್ಮಗಳು ಸಭೆಯಲ್ಲಿ ಹಾಡುವವಳಾದ ಮನೆಗಳಲ್ಲಿ ‘ಆರಿಸಿಕೊಂಡ’ ಎಂಬ ಕ್ರಿಯಾಪದಕ್ಕೆ ಯಾವ ಕರ್ತೃಪದ ಸೇರುತ್ತದೆ ಎಂಬುದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಬೇಕು.